ಮಲಪ್ರಭೆಯ ದಂಡೆಯಲ್ಲಿ ಹಲ್ಲಿನ ಚರಿತ್ರೆ

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯು ಪೂರ್ವಕ್ಕೆ ಹರಿಯುತ್ತ ಕಿತ್ತೂರು ಮತ್ತು ಬೈಲಹೊಂಗಲದ ಸೀಮೆಯನ್ನು ಹಾಯ್ದು, ಸವದತ್ತಿಯ ಗುಡ್ಡಸಾಲನ್ನು ನವಿಲುತೀರ್ಥದಲ್ಲಿ ಸೀಳಿಕೊಂಡು, ಮುನವಳ್ಳಿಯನ್ನು ದಾಟಿದ ಮೇಲೆ ರಾಮದುರ್ಗದ ಪಟ್ಟಣವನ್ನು ಬಳಸಿ ಬಾಗಲಕೋಟೆ ಜಿಲ್ಲೆಯತ್ತ ಸಾಗುತ್ತದೆ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಊರುಗಳ ಸುತ್ತಲಿನ ನಾಡು ಆಡಳಿತದ ಲೆಕ್ಕದಲ್ಲಿ ಬಹುಕಾಲ ಒಂದಾಗಿರಲಿಲ್ಲ. ಬ್ರಿಟಿಷರ ಬೆಳಗಾವಿ ಜಿಲ್ಲೆಯಲ್ಲಿ ಬೈಲಹೊಂಗಲ ಮತ್ತು ಕಿತ್ತೂರುಗಳು ಸಂಪಗಾಂವ ತಾಲೂಕಿಗೆ ಸೇರಿದ್ದವು, ಸವದತ್ತಿಯು ಪರಸಗಡ ತಾಲೂಕಿನದಾಗಿತ್ತು, ರಾಮದುರ್ಗವು 1948ರಲ್ಲಿ ಮುಂಬೈ ಪ್ರಾಂತದಲ್ಲಿ ವಿಲೀನಗೊಳ್ಳುವವರೆಗೆ ಭಾವೆ ಮನೆತನದ ಸಂಸ್ಥಾನವಾಗಿ ಉಳಿದಿತ್ತು. ಆದರೆ ಕುಡಿಯುವ ನೀರು, ಬೆಳೆಯುವ ಜೋಳ ಮತ್ತು ಹತ್ತಿ, ಬೇಸಿಗೆಯ ಬರ ಮತ್ತು ಎಲೆ-ಅಡಿಕೆಯ ಚಂಚಿ, ಇವುಗಳಿಗೆ ಸಂಸ್ಥಾನದ ಗಡಿ ಗೊತ್ತಿರಲಿಲ್ಲ.

ಈ ಸೀಮೆಯ ಇತಿಹಾಸವನ್ನು ಬರೆದವರು ಸುಗಂಧವರ್ತಿಯ, ಅಂದರೆ ಸವದತ್ತಿಯ, ರಟ್ಟರ ಶಾಸನಗಳನ್ನು, 1824ರ ಕಿತ್ತೂರಿನ ಕಾಳಗವನ್ನು, ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡುದನ್ನು, 1939ರ ರಾಮದುರ್ಗದ ದಂಗೆಯನ್ನು ವಿವರವಾಗಿ ಬರೆದಿದ್ದಾರೆ, ಅದು ಬರೆಯಬೇಕಾದದ್ದೇ ಆಗಿತ್ತು. ಈ ಸೀಮೆಯ ಕೋಟೆಗಳ ಸುತ್ತ ಬಾಳಿದ ಜನರ ದೇಹದ ಚರಿತ್ರೆ, ಅಂದರೆ ಅವರು ಏನು ಕುಡಿದರು, ಏನು ಅಗಿದರು, ಯಾವ ನೋವನ್ನು ಸಹಜವೆಂದು ಸಹಿಸಿಕೊಂಡರು ಎಂಬ ಚರಿತ್ರೆ ಮಾತ್ರ ಹೆಚ್ಚುಕಡಿಮೆ ಬರೆಯದೆ ಉಳಿದಿದೆ. ಅದನ್ನು ಹಲ್ಲಿನಿಂದ ಆರಂಭಿಸಲು ಗಟ್ಟಿಯಾದ ಕಾರಣವಿದೆ. ಮೂಳೆ, ಚರ್ಮ, ರಕ್ತಗಳು ಆಯುಷ್ಯವಿಡೀ ತಮ್ಮನ್ನು ಹೊಸದಾಗಿ ಕಟ್ಟಿಕೊಳ್ಳುತ್ತಲೇ ಇರುತ್ತವೆ. ಹಲ್ಲಿನ ಹೊರಕವಚವಾದ ಎನಾಮೆಲ್ ಮಾತ್ರ ಒಮ್ಮೆ ರೂಪುಗೊಂಡ ಮೇಲೆ ಬದಲಾಗುವ ಜೀವಕೋಶಗಳನ್ನೇ ಉಳಿಸಿಕೊಳ್ಳುವುದಿಲ್ಲ, ಆದ್ದರಿಂದ ಬಾಲ್ಯದ ಮೊದಲ ವರ್ಷಗಳಲ್ಲಿ ಮಗು ಕುಡಿದ ನೀರಿನ ಗುಣದೋಷಗಳು ಅದರಲ್ಲಿ ಅಚ್ಚೊತ್ತಿದಂತೆ ನಿಂತುಬಿಡುತ್ತವೆ. ದೇಹದ ಅಂಗಗಳಲ್ಲಿ ಕಾಲವನ್ನು ಅತಿ ದೀರ್ಘವಾಗಿ ತಾಳುವುದೂ ಅದೇ. ದಕ್ಷಿಣ ಮರಾಠಾ ಸೀಮೆಯ ಭೂರಚನೆಯನ್ನು ಅಳೆದು 1876ರಲ್ಲಿ ಗ್ರಂಥ ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಗೋಕಾಕದ ಸಮೀಪದ ಹಳೆಯ ಮೆಕ್ಕಲುಮಣ್ಣಿನಲ್ಲಿ ಅಳಿದುಹೋದ ಖಡ್ಗಮೃಗವೊಂದರ ಅವಶೇಷಗಳು ದೊರೆತಾಗ, ಅದು ಯಾವ ಪ್ರಾಣಿಯೆಂದು ಗುರುತಿಸಲು ಒದಗಿದ ಸಾಕ್ಷ್ಯಗಳಲ್ಲಿ ಹಲ್ಲುಗಳೂ ಇದ್ದವು.

ಸುಸ್ಥಿರ ಅಭಿವೃದ್ಧಿ ಎಂಬ ಮಾತು ಇಂದು ಸರಕಾರಿ ಕಡತಗಳಲ್ಲಿ ಸವೆದುಹೋಗಿರುವುದರಿಂದ ಅದರ ಮೂಲಾರ್ಥವನ್ನು ಇಲ್ಲಿ ನೆನೆಯುವುದು ಅಗತ್ಯ. ನಾರ್ವೆಯ ಗ್ರೋ ಹಾರ್ಲೆಮ್ ಬ್ರಂಟ್‌ಲಂಡ್ ಅವರ ಅಧ್ಯಕ್ಷತೆಯ ಆಯೋಗವು 1987ರಲ್ಲಿ ಕೊಟ್ಟ ವ್ಯಾಖ್ಯೆಯ ಪ್ರಕಾರ, ಮುಂದಿನ ತಲೆಮಾರುಗಳು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಯನ್ನು ಕುಗ್ಗಿಸದೆ ಇಂದಿನವರ ಅಗತ್ಯಗಳನ್ನು ಪೂರೈಸುವ ಏಳಿಗೆಯೇ ಸುಸ್ಥಿರವಾದದ್ದು. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ 17 ಗುರಿಗಳಲ್ಲಿ ಆರೋಗ್ಯ, ಶುದ್ಧ ನೀರು, ಹೊಣೆಯರಿತ ಬಳಕೆ ಎಂಬವು ಬೇರೆ ಬೇರೆ ಸಾಲುಗಳಲ್ಲಿ ನಿಂತಿವೆ. ಮಲಪ್ರಭೆಯ ದಂಡೆಯ ಹಳ್ಳಿಗಳಲ್ಲಿ ಈ ಮೂರೂ ಒಂದೇ ಬಾಯಿಯಲ್ಲಿ ಸೇರುತ್ತವೆ. ದಂತ ಸಂಶೋಧನೆಯು ಚಿಕಿತ್ಸೆಯ ಕುರ್ಚಿಯನ್ನು ಬಿಟ್ಟು ಬಾವಿಯ ಕಟ್ಟೆಗೆ, ಹೊಲದ ಬದುವಿಗೆ ಬಂದಾಗಲೆಲ್ಲ ಅಭಿವೃದ್ಧಿಗೆ ನಿಜವಾದ ನೆರವು ನೀಡಿದೆ, ಹಾಗೆ ಬರದಿದ್ದಾಗ ಕೆಟ್ಟ ಹಲ್ಲನ್ನು ಕಿತ್ತು ಕಳಿಸುವ ಕೆಲಸಕ್ಕೆ ಸೀಮಿತವಾಗಿದೆ ಎಂಬುದನ್ನು ಈ ಸೀಮೆಯ ಗತಕಾಲ ಸ್ಪಷ್ಟವಾಗಿ ತೋರಿಸುತ್ತದೆ.

ಹಲ್ಲು ತಿಕ್ಕುವ ರೂಢಿಯ ಅತಿ ಹಳೆಯ ಸಾಧನ ಇಲ್ಲಿ ಬೇವಿನ ಕಡ್ಡಿ ಮತ್ತು ಜಾಲಿಯ ಕಡ್ಡಿ. ಎರಡೂ ಗಿಡಗಳು ಎರೆಭೂಮಿಯ ಬದುಗಳಲ್ಲಿ ನೀರಿನ ಆರೈಕೆಯಿಲ್ಲದೆ ಬೆಳೆಯುವುದರಿಂದ ಅವು ಬಡವನಿಗೂ ದೇಸಾಯಿಗೂ ಸಮಾನವಾಗಿ ಎಟಕುತ್ತಿದ್ದವು. ಸುಶ್ರುತ ಸಂಹಿತೆಯು ಹನ್ನೆರಡು ಅಂಗುಲ ಉದ್ದದ, ಕಿರುಬೆರಳಿನಷ್ಟು ದಪ್ಪದ, ಗಂಟಿಲ್ಲದ ಹಸಿ ಕಡ್ಡಿಯನ್ನು ಅಗಿದು ಕುಂಚ ಮಾಡಿಕೊಳ್ಳಬೇಕೆಂದು ವಿಧಿಸಿ, ಕಹಿಯಾದವುಗಳಲ್ಲಿ ಬೇವನ್ನೂ ಒಗರಾದವುಗಳಲ್ಲಿ ಕಗ್ಗಲಿಯನ್ನೂ ಶ್ರೇಷ್ಠವೆನ್ನುತ್ತದೆ. ಆ ಶಾಸ್ತ್ರಜ್ಞಾನವು ಕನ್ನಡಕ್ಕೆ ಇಳಿದ ಕಾಲವೂ ಸವದತ್ತಿಯಲ್ಲಿ ರಟ್ಟರು ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಆಳುತ್ತಿದ್ದ ಕಾಲವೂ ಒಂದೇ ಎಂಬುದು ಗಮನಾರ್ಹ: ಚಾಲುಕ್ಯ ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ಲೋಕೋಪಕಾರದಲ್ಲಿ ವೈದ್ಯ, ಪಾಕ, ಗಿಡಮರಗಳ ಆರೈಕೆಗಳೊಂದಿಗೆ ನೆಲದಡಿಯ ನೀರನ್ನು ಕಂಡುಹಿಡಿಯುವ ವಿದ್ಯೆಯೂ ಸೇರಿದೆ, ಮುಂದಿನ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ವೈದ್ಯವನ್ನೂ ನೀರಿನ ವಿದ್ಯೆಯನ್ನೂ ಒಂದೇ ಗ್ರಂಥದ ಹೊದಿಕೆಯೊಳಗೆ ಇಟ್ಟ ಆ ದೃಷ್ಟಿಯನ್ನು ಆಧುನಿಕ ವಿಭಾಗಗಳು ಬಹುಕಾಲ ಕಳೆದುಕೊಂಡಿದ್ದವು.

ಕಡ್ಡಿ ಸಿಗದ ಕಡೆ ಕುಳ್ಳಿನ ಬೂದಿ, ಇದ್ದಲಿನ ಪುಡಿ, ಉಪ್ಪು ಬಳಕೆಯಲ್ಲಿದ್ದವು. ನಂಜನಗೂಡಿನಲ್ಲಿ 1913ರಲ್ಲಿ ಸದ್ವೈದ್ಯಶಾಲೆ ಆರಂಭವಾದ ಮೇಲೆ ಅದರ ಹಲ್ಲುಪುಡಿ ಕನ್ನಡ ನಾಡಿನಾದ್ಯಂತ ಹೆಸರು ಮಾಡಿತು, 1937ರಲ್ಲಿ ಕೋಲ್ಗೇಟ್ ಭಾರತಕ್ಕೆ ಬಂದ ಮೇಲೆ ಪೇಸ್ಟು ಮೊದಲು ಪೇಟೆಗೂ ನಿಧಾನವಾಗಿ ಹಳ್ಳಿಗೂ ಇಳಿಯಿತು. ಹಳೆಯದೆಲ್ಲ ಒಳ್ಳೆಯದೆಂಬ ಭಾವನೆ ಇಲ್ಲಿ ನಿಲ್ಲುವುದಿಲ್ಲ, ಏಕೆಂದರೆ ಒರಟು ಬೂದಿ ಮತ್ತು ಇದ್ದಲು ಎನಾಮೆಲನ್ನು ಸವೆಸುತ್ತವೆ. ಹುಳುಕು ಹಲ್ಲಿಗೆ ಹುಳುವೇ ಕಾರಣವೆಂದು ನಂಬಿ ನೆಲಗುಳ್ಳದ ಬೀಜದ ಹೊಗೆಯನ್ನು ಬಾಯಿಗೆ ಹಿಡಿಸುವ ಪದ್ಧತಿಯು ಹುಳುಕನ್ನು ನಿಲ್ಲಿಸುತ್ತಿರಲಿಲ್ಲ. ಸುಶ್ರುತನ ಕೃಮಿದಂತದಿಂದ ಹಿಡಿದು ಪಶ್ಚಿಮದವರೆಗೆ ಲೋಕವೆಲ್ಲ ನಂಬಿದ್ದ ಈ ಹುಳುವನ್ನು ಫ್ರಾನ್ಸಿನ ಪಿಯರ್ ಫೋಶಾರ್ 1728ರ ತನ್ನ ಗ್ರಂಥದಲ್ಲಿ ತಿರಸ್ಕರಿಸಿದನು. ಲವಂಗದ ಎಣ್ಣೆಯ ಕಥೆ ಬೇರೆ, ಅದರಲ್ಲಿರುವ ಯೂಜಿನಾಲ್ ನಿಜವಾಗಿಯೂ ನೋವನ್ನು ಮಂದಗೊಳಿಸುತ್ತದೆಯಾದ್ದರಿಂದ ಅದು ಇಂದಿಗೂ ದಂತವೈದ್ಯರ ಮೇಜಿನ ಮೇಲಿದೆ. ಅಗಿಯುವ ಕಡ್ಡಿಯನ್ನು ಅದು ರೂಢಿಯಲ್ಲಿರುವ ಕಡೆ ಪ್ರೋತ್ಸಾಹಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಸೂಚಿಸಿತು. ಮಣ್ಣಿನಲ್ಲಿ ಕರಗದ ಪ್ಲಾಸ್ಟಿಕ್ ಬ್ರಶ್ಶುಗಳು ಪ್ರತಿ ಮನೆಯಿಂದ ತಿಪ್ಪೆ ಸೇರುತ್ತಿರುವ ಈ ಕಾಲದಲ್ಲಿ ಆ ಮಾತಿಗೆ ಹೊಸ ತೂಕ ಬಂದಿದೆ, ಆದರೆ ವಸಡಿಗೆ ಗಾಯವಾಗದಂತೆ, ಹಿಂದಿನ ದವಡೆಹಲ್ಲುಗಳನ್ನೂ ಮುಟ್ಟುವಂತೆ ಬಳಸುವುದನ್ನು ಕಲಿಸಿದರೆ ಮಾತ್ರ.

ನೀರಿನ ಚರಿತ್ರೆ ಇದಕ್ಕಿಂತ ಗಂಭೀರವಾದದ್ದು. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಈ ಹಳ್ಳಿಗಳ ಜನ ಹೊಳೆ, ಹಳ್ಳ, ಕೆರೆ ಮತ್ತು ಮೆಟ್ಟಿಲುಬಾವಿಗಳ ನೀರನ್ನು ಕುಡಿಯುತ್ತಿದ್ದರು. ತೆರೆದ ನೀರಿನಲ್ಲಿ ಇಳಿದು ಕೊಡ ತುಂಬುವ ಮೆಟ್ಟಿಲುಬಾವಿಯು ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ನಾರುಹುಣ್ಣಿಗೆ ತಾಣವಾಗಿತ್ತು. ಕಾಲಿನ ಚರ್ಮವನ್ನು ತೂರಿ ಹೊರಬರುವ ಮಾರುದ್ದದ ಹುಳು ರೈತನನ್ನು ಬಿತ್ತನೆಯ ಹೊತ್ತಿನಲ್ಲಿಯೇ ಹಾಸಿಗೆಗೆ ಕೆಡವುತ್ತಿತ್ತು. 1972ರ ಭೀಕರ ಬರವು ಬಾವಿಗಳನ್ನು ಬತ್ತಿಸಿದಾಗ ಯುನಿಸೆಫ್‌ನ ನೆರವಿನಿಂದ ಗಟ್ಟಿಕಲ್ಲನ್ನು ಕೊರೆಯುವ ಯಂತ್ರಗಳು ದೇಶದಾದ್ಯಂತ ಸಂಚರಿಸಿದವು, ಸೊಲ್ಲಾಪುರದಲ್ಲಿ ರೂಪುಗೊಂಡ ಕೈಪಂಪಿನ ಮಾದರಿಯನ್ನು ತಿದ್ದಿ ಇಂಡಿಯಾ ಮಾರ್ಕ್ ಎರಡು ಎಂಬ ಪಂಪನ್ನು ತಯಾರಿಸಲಾಯಿತು, ಜನ ಬೋರಿಂಗ್ ಎಂದು ಕರೆಯುವ ಅದು ಊರೂರಿಗೆ ಬಂತು. ಮುಚ್ಚಿದ ನೀರು ನಾರುಹುಣ್ಣನ್ನು ಸೋಲಿಸಿತು. ಭಾರತವು ಅದರಿಂದ ಮುಕ್ತವೆಂದು 2000ದಲ್ಲಿ ಘೋಷಿತವಾದದ್ದು ನಮ್ಮ ಸಾರ್ವಜನಿಕ ಆರೋಗ್ಯದ ದೊಡ್ಡ ವಿಜಯಗಳಲ್ಲಿ ಒಂದು. ಅದೇ ಬೋರಿಂಗ್ ನೆಲದ ಆಳದಿಂದ ಬರಿಗಣ್ಣಿಗೆ ಕಾಣದ, ನಾಲಿಗೆಗೆ ತಿಳಿಯದ ಇನ್ನೊಂದು ವಸ್ತುವನ್ನೂ ಮೇಲೆತ್ತಿತು, ಅದು ಫ್ಲೋರೈಡ್.

ಫ್ಲೋರೈಡ್ ಎಂಬುದು ಶಿಲೆಗಳಲ್ಲಿರುವ ಫ್ಲೋರೀನ್ ಮೂಲವಸ್ತುವಿನ ಲವಣರೂಪ. ಅದರ ಗುಟ್ಟನ್ನು ಲೋಕಕ್ಕೆ ಬಿಡಿಸಿದವರು ದಂತವೈದ್ಯರು ಎಂಬ ಸಂಗತಿ ದಂತ ಸಂಶೋಧನೆಯ ಚರಿತ್ರೆಯಲ್ಲಿ ಅತ್ಯಂತ ಹೆಮ್ಮೆಯ ಅಧ್ಯಾಯ. ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್ ಪಟ್ಟಣಕ್ಕೆ 1901ರಲ್ಲಿ ಬಂದ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯನು ಅಲ್ಲಿ ಹುಟ್ಟಿ ಬೆಳೆದ ಜನರ ಹಲ್ಲುಗಳ ಮೇಲೆ ಕಂದು ಕಲೆಗಳನ್ನು ಕಂಡು, ಮೂವತ್ತು ವರ್ಷ ಬೆನ್ನುಬಿಡದೆ ಅದರ ಕಾರಣವನ್ನು ಹುಡುಕಿದನು. ಆ ಕಲೆಗಳು ನೀರಿನಿಂದಲೇ ಬರುತ್ತವೆಂದು ಆತ ಊಹಿಸಿದ್ದು ಸರಿಯಾಗಿತ್ತು, ಆ ನೀರಿನಲ್ಲಿರುವುದು ಫ್ಲೋರೈಡ್ ಎಂದು 1931ರಲ್ಲಿ ರಸಾಯನತಜ್ಞ ಚರ್ಚಿಲ್ ತೋರಿಸಿದನು. ಅನಂತರ ಟ್ರೆಂಡ್ಲಿ ಡೀನ್ ನಡೆಸಿದ ಸಮೀಕ್ಷೆಗಳು ಒಂದು ಲೀಟರಿಗೆ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇದ್ದಾಗ ಹುಳುಕು ಕಡಿಮೆಯಾಗುತ್ತದೆ, ಅದಕ್ಕಿಂತ ಬಹಳ ಹೆಚ್ಚಾದರೆ ಎನಾಮೆಲ್ ಕೆಡುತ್ತದೆ ಎಂಬ ಸೂಕ್ಷ್ಮವನ್ನು ನಿಶ್ಚಯಿಸಿದವು. ದಕ್ಷಿಣ ಭಾರತದಲ್ಲಿ ಈ ತಿಳಿವಳಿಕೆಗೆ ಇನ್ನಷ್ಟು ಕಠೋರವಾದ ಮುಖ ಕಂಡುಬಂತು: 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಹಲ್ಲು ಕಂದಾಗುವುದಷ್ಟೇ ಅಲ್ಲದೆ ಬೆನ್ನುಮೂಳೆ ಸೆಟೆದು ಜನ ಬಾಗಲಾರದ ಸ್ಥಿತಿಗೆ ತಲುಪಿದ್ದನ್ನು ವರದಿ ಮಾಡಿದರು, ಈ ರೋಗವೇ ಫ್ಲೋರೋಸಿಸ್. ಮೂಳೆಯ ರೋಗ ತೋರಲು ದಶಕಗಳು ಬೇಕು, ಹಲ್ಲಿನ ಕಲೆ ಬಾಲ್ಯದಲ್ಲಿಯೇ ಕಾಣುತ್ತದೆ. ಶಾಲೆಯ ಮಕ್ಕಳ ಬಾಯಿ ನೋಡಿದ ವೈದ್ಯನು ಆ ಊರಿನ ಮುಂದಿನ ಮೂವತ್ತು ವರ್ಷಗಳ ಸಂಕಟವನ್ನು ಮುಂಚಿತವಾಗಿ ಎಚ್ಚರಿಸಬಲ್ಲನು.

ಮಲಪ್ರಭೆಯ ಸೀಮೆಯಲ್ಲಿ ಒಂದು ಹಳ್ಳಿಯ ನೀರಿಗೂ ಪಕ್ಕದ ಹಳ್ಳಿಯ ನೀರಿಗೂ ವ್ಯತ್ಯಾಸ ಬರುವುದಕ್ಕೆ ನೆಲದಡಿಯ ಕಲ್ಲು ಕಾರಣ. ಪಶ್ಚಿಮಕ್ಕೆ ಕಿತ್ತೂರು-ಬೈಲಹೊಂಗಲದ ಕಡೆ ಧಾರವಾಡ ಶಿಲಾಸ್ತೋಮದ ಪದರುಗಲ್ಲುಗಳಿವೆ. ಸವದತ್ತಿ ಮತ್ತು ರಾಮದುರ್ಗದ ಗುಡ್ಡಗಳು ಫೂಟ್ ಅವರು ಕಲಾದಗಿಯ ಹೆಸರಿನಿಂದ ಕರೆದ ಮರಳುಗಲ್ಲಿನವು. ಅವುಗಳ ಅಡಿಯಲ್ಲಿ ಅತಿ ಪ್ರಾಚೀನವಾದ ಗ್ರಾನೈಟ್ ಜಾತಿಯ ಕಲ್ಲು ಹಾಸಿದೆ. ಮರಳುಗಲ್ಲು ಫ್ಲೋರೈಡನ್ನು ಅಷ್ಟಾಗಿ ಬಿಡುವುದಿಲ್ಲ, ಗ್ರಾನೈಟ್ ಜಾತಿಯ ಕಲ್ಲಿನಲ್ಲಿರುವ ಕಪ್ಪು ಅಭ್ರಕ ಮತ್ತು ಅಪಟೈಟ್ ಖನಿಜಗಳು ಬಿಡುತ್ತವೆ. ಬಿಸಿಲು ಹೆಚ್ಚಿ ಮಳೆ ಕಡಿಮೆಯಾದ ಕಡೆ, ನೀರು ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದರ ಪ್ರಮಾಣ ಏರುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಯಲ್ಲಿ, ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ಫ್ಲೋರೈಡ್ ಕೆಲವೆಡೆಗಳಲ್ಲಾದರೂ ಕಂಡುಬಂದ ಜಿಲ್ಲೆಗಳಲ್ಲಿ ಗದಗ, ಬಾಗಲಕೋಟೆ, ವಿಜಯಪುರಗಳೊಂದಿಗೆ ಬೆಳಗಾವಿಯೂ ಇದೆ. ಭಾರತೀಯ ಮಾನಕವು 1 ಮಿಲಿಗ್ರಾಮನ್ನು ಸ್ವೀಕಾರಾರ್ಹವೆಂದೂ ಬೇರೆ ಮೂಲವಿಲ್ಲದಿದ್ದಾಗ 1.5ರವರೆಗೆ ಸಹ್ಯವೆಂದೂ ಹೇಳುತ್ತದೆ, ಆದರೆ ಬೇಸಿಗೆಯಲ್ಲಿ ಎರೆಹೊಲದಲ್ಲಿ ದುಡಿಯುವ ಕೂಲಿಯವಳು ತಂಪುದೇಶದವರು ಕುಡಿಯುವುದಕ್ಕಿಂತ ಎಷ್ಟೋ ಹೆಚ್ಚು ನೀರು ಕುಡಿಯುವುದರಿಂದ ಅವಳ ದೇಹ ಸೇರುವ ಒಟ್ಟು ಮೊತ್ತವೇ ಬೇರೆ. ಬೋರಿಂಗ್ ಕೊರೆದ ನಿರ್ಧಾರ ತಪ್ಪಾಗಿರಲಿಲ್ಲ. ನೀರು ಬಂತೇ ಎಂದು ನೋಡಿದವರು ಅದರಲ್ಲಿ ಏನಿದೆ ಎಂದು ಬಹುಕಾಲ ಅಳೆಯದೆ ಹೋದದ್ದು ತಪ್ಪಾಗಿತ್ತು, ನೆಲ್ಲೂರಿನ ವರದಿ ಅಷ್ಟು ಹೊತ್ತಿಗೆ ಮೂರೂವರೆ ದಶಕ ಹಳೆಯದಾಗಿದ್ದುದನ್ನು ನೆನೆದರೆ ಆ ತಪ್ಪು ಇನ್ನೂ ನೋಯಿಸುತ್ತದೆ.

ಇದಕ್ಕೆ ಉತ್ತರವೂ ಇದೇ ನದಿಯಲ್ಲಿತ್ತು. 1972ರ ಸುಮಾರಿಗೆ ಪೂರ್ಣಗೊಂಡ ನವಿಲುತೀರ್ಥದ ಅಣೆಕಟ್ಟು 37 ಟಿಎಂಸಿಗೂ ಮಿಕ್ಕಿ ನೀರನ್ನು ಹಿಡಿಯುವ ರೇಣುಕಾ ಸಾಗರವನ್ನು ನಿರ್ಮಿಸಿತು. ಅದನ್ನು ಕಟ್ಟಿದ್ದು ಮುಖ್ಯವಾಗಿ ಹೊಲಗಳಿಗಾಗಿ, ಆದರೆ ಮಳೆಯಿಂದ ತುಂಬುವ ಹೊಳೆಯ ನೀರಿನಲ್ಲಿ ಫ್ಲೋರೈಡ್ ಕಡಿಮೆಯಿರುವುದರಿಂದ ಹಲ್ಲಿನ ದೃಷ್ಟಿಯಲ್ಲಿಯೂ ಅದು ವರವಾಗಬಲ್ಲದ್ದಾಗಿತ್ತು. ಆ ನೀರು ದೂರದ ನಗರಗಳನ್ನು ಬೇಗ ತಲುಪಿತು, ಕಣ್ಣಳತೆಯಲ್ಲಿದ್ದ ಎಷ್ಟೋ ಹಳ್ಳಿಗಳು ಬೋರಿಂಗ್ ನೀರನ್ನೇ ನಂಬಿ ಉಳಿದವು. ಫ್ಲೋರೈಡ್ ತೆಗೆಯುವ ಅಗ್ಗದ ವಿಧಾನವೊಂದನ್ನು ನಾಗಪುರದ ನೀರಿ ಸಂಸ್ಥೆಯು 1970ರ ದಶಕದಲ್ಲಿ ರೂಪಿಸಿತ್ತು. ಪಟಕ, ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯನ್ನು ಬೆರೆಸಿ ಕದಡಿ ತಿಳಿಗೊಳಿಸುವ ಅದನ್ನು ನಲ್ಗೊಂಡ ವಿಧಾನ ಎನ್ನುತ್ತಾರೆ, ಆದರೆ ದಿನವೂ ಅಳತೆ ತಪ್ಪದೆ ಮಾಡಬೇಕಾದ ಆ ಕೆಲಸ ಮನೆಗೆಲಸದ ನಡುವೆ ಉಳಿದುಕೊಳ್ಳುವುದು ಕಷ್ಟ. 2002ರ ಸುಮಾರಿಗೆ ವಿಶ್ವಬ್ಯಾಂಕಿನ ನೆರವಿನಿಂದ ಬೆಳಗಾವಿ ಸೇರಿ ಉತ್ತರದ 11 ಜಿಲ್ಲೆಗಳಲ್ಲಿ ಜಲನಿರ್ಮಲ ಯೋಜನೆ ಆರಂಭವಾಯಿತು, 2008-09ರಲ್ಲಿ ಕೇಂದ್ರ ಸರಕಾರ ಫ್ಲೋರೋಸಿಸ್ ತಡೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು, ಮುಂದಿನ ದಶಕದಲ್ಲಿ ಹಳ್ಳಿಗಳ ಚೌಕಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಎದ್ದವು. ಘಟಕವು ಫ್ಲೋರೈಡನ್ನು ತೆಗೆಯುತ್ತದೆ ನಿಜ; ತೆಗೆದ ಲವಣವೆಲ್ಲ ಸೇರಿದ ನೀರನ್ನು ಅದು ಹೊರಗೆ ಬಿಡುತ್ತದೆ, ಆ ನೀರು ಚರಂಡಿಯ ಮೂಲಕ ಮತ್ತೆ ಅದೇ ನೆಲಕ್ಕೆ ಇಂಗುತ್ತದೆ. ನೆಲದ ನೀರನ್ನು ಮತ್ತಷ್ಟು ಆಳದಿಂದ ಎತ್ತಿ ಅದರಲ್ಲೊಂದು ಪಾಲನ್ನು ಚೆಲ್ಲುವ ಪರಿಹಾರವನ್ನು ಸುಸ್ಥಿರವೆಂದು ಕರೆಯಲಾಗದು.

ನೀರು ಮಕ್ಕಳ ಹಲ್ಲನ್ನು ಕೆಡಿಸಿದರೆ ತಂಬಾಕು ದೊಡ್ಡವರ ಬಾಯಿಯನ್ನು ಕೆಡಿಸಿತು. ಬೆಳಗಾವಿ ಜಿಲ್ಲೆಯ ಉತ್ತರಕ್ಕಿರುವ ನಿಪ್ಪಾಣಿಯು ಬೀಡಿ ತಂಬಾಕಿನ ದೊಡ್ಡ ಪೇಟೆಯಾದ್ದರಿಂದ ಇಡೀ ಜಿಲ್ಲೆಗೆ ಅದು ಸುಲಭವಾಗಿ ದೊರೆಯುವ ಸರಕಾಗಿತ್ತು. ತಂಬಾಕನ್ನು ಕಾದ ಹಂಚಿನ ಮೇಲೆ ಕಪ್ಪಾಗುವಂತೆ ಹುರಿದು ಪುಡಿಮಾಡಿ ಹಲ್ಲಿಗೆ ತಿಕ್ಕುವ ಮಿಶ್ರಿಯ ಚಟ ಮಹಾರಾಷ್ಟ್ರದಲ್ಲಿಯೂ ಅದರ ಗಡಿಗೆ ಹೊಂದಿದ ಕನ್ನಡ ಸೀಮೆಯಲ್ಲಿಯೂ ಹೆಂಗಸರಲ್ಲಿ ವಿಶೇಷವಾಗಿ ಬೇರೂರಿತು, ಏಕೆಂದರೆ ಬೀಡಿ ಸೇದುವುದು ಹೆಣ್ಣಿಗೆ ನಿಷಿದ್ಧವಾಗಿದ್ದರೂ ಹಲ್ಲು ತಿಕ್ಕುವುದನ್ನು ಯಾರೂ ಆಕ್ಷೇಪಿಸುವಂತಿರಲಿಲ್ಲ. ಹಸಿವನ್ನೂ ಹಲ್ಲುನೋವನ್ನೂ ತುಸು ಹೊತ್ತು ಮರೆಸುವ ಅದು ದಿನಕ್ಕೊಂದು ಸಲದಿಂದ ಐದಾರು ಸಲಕ್ಕೆ ಏರುತ್ತಿತ್ತು.

ಈ ಚಟದ ಪರಿಣಾಮವನ್ನು ಅಳೆದದ್ದು ಭಾರತೀಯ ದಂತ ಸಂಶೋಧನೆಯ ಅತಿ ದೊಡ್ಡ ಸಾಹಸ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರ ದಶಕದಲ್ಲಿ ದಂತವೈದ್ಯ ಫಲಿ ಮೆಹತಾ ಅವರು ಕಟ್ಟಿದ ದಂತ ಸಂಶೋಧನಾ ಘಟಕವು ಡೆನ್ಮಾರ್ಕಿನ ಪಿಂಡ್‌ಬೋರ್ಗ್ ಅವರ ಸಹಯೋಗದೊಂದಿಗೆ ಮನೆಮನೆಗೆ ಹೋಗಿ ಐದು ಜಿಲ್ಲೆಗಳ 50,915 ಗ್ರಾಮಸ್ಥರ ಬಾಯಿಯನ್ನು ಪರೀಕ್ಷಿಸಿ 1969ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಆ ಬಳಿಕ ಮಹಾರಾಷ್ಟ್ರದಲ್ಲಿ 1,01,761 ಗ್ರಾಮಸ್ಥರ ಪರೀಕ್ಷೆ ನಡೆಯಿತು, ಮಿಶ್ರಿ ತಿಕ್ಕುವ ಹೆಂಗಸರ ಬಾಯಿಯನ್ನು ಶಾಸ್ತ್ರೀಯವಾಗಿ ನೋಡಿದ್ದು ಅಲ್ಲಿಯೇ. ಲ್ಯುಕೋಪ್ಲೇಕಿಯಾ ಎಂಬ ಬಿಳಿಯ ಮಚ್ಚೆ, ಅಂದರೆ ಒರೆಸಿದರೂ ಹೋಗದೆ ಕೆನ್ನೆಯ ಒಳಮೈಗೆ ಅಂಟಿಕೊಂಡಿರುವ ದಡ್ಡುಗಟ್ಟಿದ ಪದರು, ಕ್ಯಾನ್ಸರಿಗೆ ಮುನ್ಸೂಚನೆಯಾಗಬಲ್ಲದೆಂದು, ತಂಬಾಕು ಬಿಡದವರಲ್ಲಿಯೇ ಅದು ಮುಂದುವರಿಯುತ್ತದೆಂದು ಆ ಕೆಲಸದಿಂದ ದೃಢವಾಯಿತು. ಘಟಕದ ಮುಂದಿನ ಹೆಜ್ಜೆ ಇನ್ನೂ ಮಹತ್ವದ್ದು: ತಂಬಾಕು ಬಳಸುತ್ತಿದ್ದ ಸುಮಾರು 36,000 ಗ್ರಾಮಸ್ಥರಿಗೆ ವರ್ಷವರ್ಷವೂ ತಿಳಿಹೇಳಿ ಹತ್ತು ವರ್ಷ ಅನುಸರಿಸಿದಾಗ, ಚಟ ಬಿಟ್ಟವರಲ್ಲಿ ಈ ಮಚ್ಚೆಗಳು ಗಣನೀಯವಾಗಿ ತಗ್ಗಿದವು. ಯಂತ್ರವಿಲ್ಲದೆ, ಔಷಧವಿಲ್ಲದೆ, ಒಂದು ಕನ್ನಡಿ ಮತ್ತು ಮಾತಿನ ಬಲದಿಂದ ಕ್ಯಾನ್ಸರಿನ ಮುನ್ಸೂಚನೆಯನ್ನು ಹಿಂದೆ ಸರಿಸಬಹುದೆಂದು ತೋರಿಸಿದ ಈ ಸಂಶೋಧನೆಯು ಲೋಕದ ಯಾವ ದೊಡ್ಡ ಪ್ರಯೋಗಾಲಯದ ಸಾಧನೆಗೂ ಕಡಿಮೆಯದಲ್ಲ.

ಹಲ್ಲುಪುಡಿ ಮತ್ತು ಪೇಸ್ಟಿನಲ್ಲಿ ತಂಬಾಕು ಬೆರೆಸುವುದನ್ನು ಭಾರತ ಸರಕಾರ 1992ರಲ್ಲಿ ನಿಷೇಧಿಸಿತು, ಕರ್ನಾಟಕವು 2013ರ ಮೇ ತಿಂಗಳಲ್ಲಿ ಗುಟ್ಕಾವನ್ನು ನಿಷೇಧಿಸಿತು. ಕಾರ್ಖಾನೆಯನ್ನು ತಡೆಯಬಲ್ಲ ಕಾನೂನು ಮನೆಯ ಹಂಚಿನ ಮೇಲೆ ತಯಾರಾಗುವ ಮಿಶ್ರಿಯನ್ನು ಮುಟ್ಟಲಾರದು, ಅಡಿಕೆಯನ್ನೂ ತಂಬಾಕನ್ನೂ ಬೇರೆ ಬೇರೆ ಚೀಟಿಗಳಲ್ಲಿ ಮಾರುವ ಅಂಗಡಿಯನ್ನೂ ಅದು ಸುಲಭವಾಗಿ ಹಿಡಿಯಲಾರದು. ಅಡಿಕೆಯ ಅತಿ ಬಳಕೆಯಿಂದ ಬಾಯಿಯ ಒಳಪದರು ನಾರುಗಟ್ಟಿ ರೊಟ್ಟಿಯ ತುತ್ತಿಗೂ ಬಾಯಿ ತೆರೆಯದಂತಾಗುವ ರೋಗವನ್ನು ಮುಂಬೈಯ ವೈದ್ಯ ಜೋಶಿ 1953ರಲ್ಲಿಯೇ ವರ್ಣಿಸಿದ್ದರು. ಚೀಟಿಯ ಅಡಿಕೆ ಬಂದ ಮೇಲೆ ಅದು ಇಪ್ಪತ್ತು ದಾಟದ ಹುಡುಗರಲ್ಲಿಯೂ ಕಾಣತೊಡಗಿತು.

ಸಂಶೋಧನೆ ನಡೆಸುವ ಸಂಸ್ಥೆಗಳು ಈ ಭಾಗದಲ್ಲಿ ಹುಟ್ಟಿದ ಬಗೆಯನ್ನು ನೋಡಿದರೆ ಹಳ್ಳಿಯ ನೆಲಕ್ಕೂ ನಗರದ ವಿದ್ಯೆಗೂ ಇರುವ ಋಣ ತಿಳಿಯುತ್ತದೆ. ಸವದತ್ತಿ ತಾಲೂಕಿನ ಸಿರಸಂಗಿಯ ದೇಸಾಯಿ ಮನೆತನಕ್ಕೆ ದತ್ತುಬಂದ ಲಿಂಗರಾಜರು 1906ರಲ್ಲಿ ತೀರಿಕೊಂಡಾಗ ತಮ್ಮ ವಿಶಾಲವಾದ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ಸಮಾಜದ ಮಕ್ಕಳ ಶಿಕ್ಷಣಕ್ಕೆ ಬಿಟ್ಟುಹೋದರು, ಅದರ ವಿದ್ಯಾರ್ಥಿವೇತನದಿಂದ ಓದಿದ ತಲೆಮಾರುಗಳು ಉತ್ತರ ಕರ್ನಾಟಕದ ಸಾರ್ವಜನಿಕ ಜೀವನವನ್ನು ಕಟ್ಟಿದವು. ಏಳು ಜನ ಶಿಕ್ಷಕರ ಮುಂದಾಳುತನದಲ್ಲಿ 1916ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕೆ.ಎಲ್.ಇ. ಸಂಸ್ಥೆಯು 1933ರಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರನ್ನೇ ಇಟ್ಟಿತು. ಅದೇ ಸಂಸ್ಥೆ 1963ರಲ್ಲಿ ಜವಾಹರಲಾಲ ನೆಹರು ವೈದ್ಯಕೀಯ ಕಾಲೇಜನ್ನೂ 1985ರಲ್ಲಿ ದಂತವೈದ್ಯಕೀಯ ಕಾಲೇಜನ್ನೂ ಸ್ಥಾಪಿಸಿತು. ಮರುವರ್ಷ ಧಾರವಾಡದಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ದಂತ ಮಹಾವಿದ್ಯಾಲಯ ಆರಂಭವಾಗಿ ಸೀಳುತುಟಿ ಮತ್ತು ಸೀಳು ಅಂಗುಳದ ಶಸ್ತ್ರಚಿಕಿತ್ಸೆಗೆ ಹೆಸರಾಯಿತು. ಬೆಳಗಾವಿ ಮತ್ತು ಧಾರವಾಡಗಳ ನಡುವಿನ ಹೆದ್ದಾರಿಯ ಮೇಲಿರುವ ಕಿತ್ತೂರಿಗೆ ಇವೆರಡೂ ಹತ್ತಿರವಾದವು, ರಾಮದುರ್ಗದ ಪೂರ್ವದ ಹಳ್ಳಿಗಳಿಗೆ ಎರಡೂ ದೂರವೇ ಉಳಿದವು. ದಿನದ ಕೂಲಿ ಬಿಟ್ಟು, ಬಸ್ಸಿನ ಖರ್ಚು ಹೊತ್ತು ಹೋಗುವವರು ನೋವು ತಡೆಯಲಾರದ ಹಂತಕ್ಕೆ ಬಂದ ಮೇಲೆ ಮಾತ್ರ ಹೋಗುತ್ತಿದ್ದುದರಿಂದ ಹಲ್ಲನ್ನು ಉಳಿಸುವ ಅವಕಾಶ ಅಷ್ಟರಲ್ಲಿ ತಪ್ಪಿರುತ್ತಿತ್ತು.

ಹಳ್ಳಿಯಲ್ಲಿ ನಿಂತು ಮಾಡಿದ ಸಂಶೋಧನೆ ಲೋಕದ ಕ್ರಮವನ್ನೇ ಬದಲಿಸಬಲ್ಲದು ಎಂಬುದಕ್ಕೆ ಇದೇ ಜಿಲ್ಲೆ ಸಾಕ್ಷಿಯಾಗಿದೆ, ಅದು ದಂತಶಾಸ್ತ್ರದ್ದಲ್ಲದಿದ್ದರೂ ಇಲ್ಲಿ ಹೇಳಲೇಬೇಕಾದದ್ದು. ಬೆಳಗಾವಿ ಜಿಲ್ಲೆಯ ಗ್ರಾಮೀಣ ಆರೋಗ್ಯ ಕೇಂದ್ರಗಳಲ್ಲಿ ಸಹಾಯಕ ದಾದಿಯರ ಮೂಲಕ 1,620 ಬಾಣಂತಿಯರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನವು ಬಾಯಿಯ ಮೂಲಕ ಕೊಡುವ ಅಗ್ಗದ ಗುಳಿಗೆಯೊಂದು ಹೆರಿಗೆಯ ನಂತರದ ರಕ್ತಸ್ರಾವವನ್ನು ತಗ್ಗಿಸುತ್ತದೆಂದು ಸ್ಥಾಪಿಸಿ, ಬಡ ದೇಶಗಳ ಹೆರಿಗೆ ವ್ಯವಸ್ಥೆಯ ಮೇಲೆ ಪ್ರಭಾವ ಬೀರಿತು. ಅದೇ ವರ್ಷ ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ತೆರೆದ ಕೇಂದ್ರವು ಇಂದು ಪರಂಪರಾಗತ ವೈದ್ಯದ ರಾಷ್ಟ್ರೀಯ ಸಂಸ್ಥೆಯಾಗಿದೆ. ಬೇವು, ಜಾಲಿ, ಲವಂಗಗಳನ್ನು ಶ್ರದ್ಧೆಯ ಮಾತಿನಿಂದ ಅಳತೆಯ ಮಾತಿಗೆ ತರಲು ಇದಕ್ಕಿಂತ ಯೋಗ್ಯವಾದ ನೆರೆಹೊರೆ ಸಿಗಲಾರದು.

ಸಕ್ಕರೆಯ ವಿಷಯವನ್ನು ಚಿಕ್ಕದಾಗಿ ಹೇಳಬಹುದು. ನೀರಾವರಿ ಬಂದ ಕಡೆ ಕಬ್ಬು ಬಂತು, ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತಿತು, ರೈತರ ಕೈಗೆ ಹಣ ಬಂತು, ಅದರೊಂದಿಗೆ ಬಿಸ್ಕಿಟು ಮತ್ತು ಪೆಪ್ಪರಮಿಂಟು ಊರಿನ ಅಂಗಡಿಗೆ ಬಂದವು. ಸ್ವೀಡನ್ನಿನ ವಿಪೆಹೋಮ್‌ನಲ್ಲಿ 1945ರಿಂದ ನಡೆದ ಅಧ್ಯಯನವು ಊಟದೊಂದಿಗೆ ತಿಂದ ಸಿಹಿಗಿಂತ ಊಟಗಳ ನಡುವೆ ತಿಂದ ಅಂಟು ಸಿಹಿ ಹಲ್ಲನ್ನು ಬೇಗ ಹುಳುಕಿಸುತ್ತದೆಂದು ತೋರಿಸಿತ್ತು. ಮಾನಸಿಕ ಅಸಮರ್ಥತೆಯುಳ್ಳವರನ್ನು ಒಪ್ಪಿಗೆಯಿಲ್ಲದೆ ಬಳಸಿಕೊಂಡ ಆ ಅಧ್ಯಯನದ ವಿಧಾನ ಅಕ್ಷಮ್ಯ, ಅದರ ತೀರ್ಮಾನ ಮಾತ್ರ ಇಲ್ಲಿನ ಶಾಲೆಗಳ ಮುಂದಿನ ಅಂಗಡಿಗೂ ಅನ್ವಯಿಸುತ್ತದೆ.

ಚಿಕಿತ್ಸೆಯ ವಸ್ತುವೂ ಪರಿಸರದ ಪ್ರಶ್ನೆಯೇ. ಹುಳುಕು ಹಲ್ಲಿಗೆ ಒಂದೂವರೆ ಶತಮಾನಕ್ಕೂ ಮಿಕ್ಕಿ ತುಂಬುತ್ತ ಬಂದ ಬೆಳ್ಳಿಬಣ್ಣದ ಅಮಾಲ್ಗಮ್‌ನಲ್ಲಿ ಸುಮಾರು ಅರ್ಧದಷ್ಟು ಪಾದರಸವಿದ್ದು, ಉಳಿಕೆ ಚರಂಡಿಗೆ ಹೋದರೆ ಕೊನೆಗೆ ಕೆರೆ-ಹೊಳೆಯ ಮೀನನ್ನು ಸೇರುತ್ತದೆ. 2013ರಲ್ಲಿ ಅಂಗೀಕಾರವಾದ ಮಿನಮಾಟಾ ಒಪ್ಪಂದವು ಇದರ ಬಳಕೆಯನ್ನು ಹಂತಹಂತವಾಗಿ ತಗ್ಗಿಸಲು ವಿಧಿಸಿತು, ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಪರ್ಯಾಯವಾಗಿ ಒದಗಿದ್ದು ಲಂಡನ್ನಿನಲ್ಲಿ ವಿಲ್ಸನ್ ಮತ್ತು ಕೆಂಟ್ 1970ರ ಸುಮಾರಿಗೆ ಕಂಡುಹಿಡಿದ ಗಾಜಿನ ಪುಡಿಯ ಸಿಮೆಂಟು. ಅದು ಹಲ್ಲಿಗೆ ತಾನೇ ಅಂಟಿಕೊಳ್ಳುತ್ತದೆ, ನಿಧಾನವಾಗಿ ತುಸು ಫ್ಲೋರೈಡನ್ನೂ ಬಿಡುತ್ತದೆ. ಟಾಂಜಾನಿಯಾದ ಹಳ್ಳಿಗಳಲ್ಲಿ 1980ರ ದಶಕದಲ್ಲಿ ಫ್ರೆಂಕೆನ್ ಮತ್ತು ಸಂಗಡಿಗರು ಇದನ್ನು ಬಳಸಿ, ವಿದ್ಯುತ್ತಾಗಲಿ ಕೊರೆಯುವ ಯಂತ್ರವಾಗಲಿ ಇಲ್ಲದೆ ಕೈಸಾಧನದಿಂದಲೇ ಹುಳುಕನ್ನು ಕೆರೆದು ತುಂಬುವ ಕ್ರಮವನ್ನು ರೂಪಿಸಿದರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಸಿಮೆಂಟನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ವಿದ್ಯುತ್ತು ಆಗಾಗ ಹೋಗುವ ಸವದತ್ತಿ ತಾಲೂಕಿನ ಶಾಲೆಯೊಂದರ ಪಡಸಾಲೆಯಲ್ಲಿ, ಬೆಂಚಿನ ಮೇಲೆ ಮಗುವನ್ನು ಮಲಗಿಸಿ ಮಾಡಬಹುದಾದ ಚಿಕಿತ್ಸೆ ಇದು.

ಮನೆಮನೆಗೆ ನಳದ ನೀರು ಕೊಡುವ ಜಲಜೀವನ ಯೋಜನೆ 2019ರಲ್ಲಿ ಘೋಷಣೆಯಾಯಿತು. ಅದರ ಸಫಲತೆಯನ್ನು ಈಗ ನಳಗಳ ಸಂಖ್ಯೆಯಿಂದ ಅಳೆಯಲಾಗುತ್ತಿದೆ, ಆದರೆ ನಳದಲ್ಲಿ ಬರುವುದು ಮಲಪ್ರಭೆಯ ನೀರೋ ಬೋರಿನ ನೀರೋ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಮೇಲಿನ ಮುಂದಿನ ಶಾಶ್ವತ ಹಲ್ಲುಗಳ ಎನಾಮೆಲ್ ಫ್ಲೋರೈಡಿಗೆ ಅತಿ ಸುಲಭವಾಗಿ ತುತ್ತಾಗುವುದು ಮಗುವಿಗೆ ಒಂದರಿಂದ ಮೂರು ವರ್ಷವಾಗುವ ಅವಧಿಯಲ್ಲಿ. ಆ ಹಲ್ಲುಗಳು ಬಾಯಲ್ಲಿ ಮೂಡುವುದು ಏಳೆಂಟನೆಯ ವಯಸ್ಸಿನಲ್ಲಿ. ಆದ್ದರಿಂದ ಯೋಜನೆ ಆರಂಭವಾದ ಬಳಿಕ ಹುಟ್ಟಿದ ರಾಮದುರ್ಗ, ಸವದತ್ತಿ, ಬೈಲಹೊಂಗಲ ಮತ್ತು ಕಿತ್ತೂರು ತಾಲೂಕುಗಳ ಮಕ್ಕಳು ಎರಡನೆಯ ಮತ್ತು ಮೂರನೆಯ ಇಯತ್ತೆಗೆ ಬರುವ ಈ ವರ್ಷಗಳೇ ಊರೂರಿನ ಶಾಲೆಯಲ್ಲಿ ಹಲ್ಲಿನ ಸಮೀಕ್ಷೆ ಮಾಡಿ, ಡೀನ್ ರೂಪಿಸಿದ ಸೂಚ್ಯಂಕದಲ್ಲಿ ದಾಖಲಿಸಿ, ಅದನ್ನು ಅದೇ ಊರಿನ ನೀರಿನ ಅಳತೆಯೊಂದಿಗೆ ಹೋಲಿಸಬೇಕಾದ ಕಾಲ. ಬೆಳಗಾವಿ ಮತ್ತು ಧಾರವಾಡದ ದಂತ ಮಹಾವಿದ್ಯಾಲಯಗಳ ಸಾರ್ವಜನಿಕ ದಂತ ಆರೋಗ್ಯ ವಿಭಾಗಗಳ ಕೈಗೆಟಕುವ ಈ ಕೆಲಸಕ್ಕೆ ಬೇಕಾದದ್ದು ಒಂದು ಕನ್ನಡಿ, ಹಗಲ ಬೆಳಕು, ನೀರು ಪರೀಕ್ಷಿಸುವ ಪೆಟ್ಟಿಗೆ ಮತ್ತು ತರಬೇತಿ ಪಡೆದ ಕಣ್ಣು.